ಊರ ಪಕ್ಕ ಲಿಂಕ್ ರೋಡು, ದೊಡ್ಡ ಬಡಾವಣೆ ಬರುತ್ತೆ ಅಂದಾಗ ಏನೇನು ಮಾಡ್ಬೇಕು

ಲಿಂಕ್ ರೋಡು ಬರುತ್ತಂತೆ, ಅದರ ಜೊತೆಗೇ ಸಾವಿರಾರು ಸೈಟಿನ ಬಡಾವಣೆ ಬರುತ್ತಂತೆ ಅನ್ನೋ ಸುದ್ದಿ ಬಿದ್ರೆ ಸಾಕು, ಊರು ಎರಡು ಭಾಗ ಆಗೋಗತ್ತೆ. ಜಮೀನು ಹೋಗೋರು ಒಂದು ಕಡೆ, ರೋಡ್ ಬಂದ್ರೆ ಆಸ್ಪತ್ರೆಗೆ ಬೇಗ ಹೋಗ್ಬಹುದು, ಮಕ್ಕಳಿಗೆ ಬಸ್ಸು ಸಿಗತ್ತೆ ಅನ್ನೋರು ಇನ್ನೊಂದು ಕಡೆ. ಇಬ್ಬರದ್ದೂ ನಿಜವಾದ ಕಾರಣಾನೇ. ಆದ್ರೆ ಟೀ ಅಂಗಡಿಲಿ, ವಾಟ್ಸಾಪ್ ಗ್ರೂಪಲ್ಲಿ ಎಷ್ಟೇ ಜೋರಾಗಿ ಮಾತಾಡಿದ್ರೂ ತೀರ್ಮಾನ ಆಗೋದು ಕಚೇರಿಯ ಫೈಲಲ್ಲಿ, ಅದಕ್ಕೊಂದು ಕೊನೆ ದಿನಾಂಕ ಇರತ್ತೆ, ಆ ದಿನಾಂಕ ಬಹಳ ಸಲ ಯಾರಿಗೂ ಗೊತ್ತಾಗದೇ ಕಳೆದುಹೋಗತ್ತೆ. ಅದು ಕಳೆದುಹೋಗಬಾರದು ಅಂತಲೇ ಇದನ್ನ ಬರೀತಿದೀನಿ.

ಉದಾಹರಣೆಗೆ ಬೆಂಗಳೂರಿನ ಪಶ್ಚಿಮಕ್ಕಿರೋ ನಾಡಪ್ರಭು ಕೆಂಪೇಗೌಡ ಬಡಾವಣೆ ತಗೊಳ್ಳಿ. ಕೊಮ್ಮಘಟ್ಟ, ಸೂಲಿಕೆರೆ, ಕೆಂಚಾಪುರ, ಭೀಮನಕುಪ್ಪೆ, ಚಲ್ಲಘಟ್ಟ ಎಲ್ಲಾ ಸೇರಿ 12 ಹಳ್ಳಿ, ನಾಲ್ಕು ಸಾವಿರ ಎಕರೆಗೂ ಸ್ವಲ್ಪ ಜಾಸ್ತಿ. ಬಿಡಿಎ, ಅಂದ್ರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, 2008ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸ್ತು, 2010ರಲ್ಲಿ ಅಂತಿಮ ಅಧಿಸೂಚನೆ, 2016ರಲ್ಲಿ ಸೈಟು ಹಂಚೋಕೆ ಶುರು. ಈ ಬಡಾವಣೆ ಒಳಗೇ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಗೆ ಸುಮಾರು 10.7 ಕಿಲೋಮೀಟರ್ ಉದ್ದ, 100 ಮೀಟರ್ ಅಗಲದ ದೊಡ್ಡ ರಸ್ತೆ, ಎಂಎಆರ್ (ಮೇಜರ್ ಆರ್ಟೀರಿಯಲ್ ರೋಡ್) ಅಂತಾರಲ್ಲ, ಅದು. ಅಲ್ಲಲ್ಲಿ ಜಮೀನು ಕೈಗೆ ಸಿಗದೇ ರಸ್ತೆ ವರ್ಷಗಟ್ಟಲೆ ತುಂಡುತುಂಡಾಗಿ ನಿಂತಿತ್ತು, ಸೈಟು ತಗೊಂಡೋರು ದುಡ್ಡು ಕಟ್ಟಿ ರೋಡು ನೀರು ಕರೆಂಟಿಗೆ ಕಾದ್ರು, ಜಮೀನು ಕೊಟ್ಟೋರು ಪರಿಹಾರಕ್ಕೆ ಕಾದ್ರು. ರೈತರು ಮತ್ತು ಸೈಟಿನವರು ಎದುರಾಳಿಗಳ ಥರ ಕಾಣ್ತಾರೆ, ಆದ್ರೆ ಇಬ್ಬರನ್ನೂ ಕಾಯಿಸಿದ್ದು ಒಂದೇ ಕಾರಣ: ರಸ್ತೆ ಒಂದು ಲೆಕ್ಕ, ಬಡಾವಣೆ ಇನ್ನೊಂದು ಲೆಕ್ಕ ಆಗಿ ನಡೆದಿದ್ದು. ನಾನು ಲಿಂಕ್ ರೋಡಿಗೆ ವಿರೋಧಿ ಅಲ್ಲ, ತುಂಬಾ ಕಡೆ ಅದು ಬೇಕೇ ಬೇಕು. ರಸ್ತೆ ಮತ್ತು ಮನೆಗಳನ್ನ ಒಟ್ಟಿಗೆ ಇಟ್ಟು ಪ್ರಶ್ನೆ ಕೇಳಿ, ಬಾಯಲ್ಲಲ್ಲ ಕಾಗದದಲ್ಲಿ ಕೇಳಿ, ಇಷ್ಟೇ ನಾನು ಹೇಳೋದು.

ಮೊದಲನೇದು: ಯಾವ ಕಾಗದ, ಯಾವ ಕಾಯ್ದೆ

ಪೇಪರಲ್ಲಿ ಬಂತು, ಎಂಎಲ್‌ಎ ಹೇಳಿದ್ರು, ಯಾರೋ ಮ್ಯಾಪ್ ಫಾರ್ವರ್ಡ್ ಮಾಡಿದ್ರು, ಇದ್ಯಾವುದೂ ಲೆಕ್ಕಕ್ಕಿಲ್ಲ. ಗೆಜೆಟ್ ಅಧಿಸೂಚನೆ ಆಗಿದ್ಯಾ, ಆಗಿದ್ರೆ ಯಾವ ಕಾಯ್ದೆಯ ಯಾವ ಸೆಕ್ಷನ್ ಕೆಳಗೆ ಅಂತ ಮೊದಲು ನೋಡಿ, ಯಾಕಂದ್ರೆ ನಿಮಗೆ ಎಷ್ಟು ದಿನ ಇದೆ ಅನ್ನೋದು ಅದರ ಮೇಲೆ ನಿಂತಿರತ್ತೆ.

ಬಿಡಿಎ ಆದ್ರೆ 1976ರ ಬಿಡಿಎ ಕಾಯ್ದೆ ಸೆಕ್ಷನ್ 17, ಆಕ್ಷೇಪಣೆಗೆ 30 ದಿನ, ಆಮೇಲೆ ಸೆಕ್ಷನ್ 19ರಲ್ಲಿ ಅಂತಿಮ ಅಧಿಸೂಚನೆ. ಬೇರೆ ಊರುಗಳ ನಗರಾಭಿವೃದ್ಧಿ ಪ್ರಾಧಿಕಾರಗಳಿಗೆ 1987ರ ಕಾಯ್ದೆ ಇದೆ, ಅದರಲ್ಲೂ ಸೆಕ್ಷನ್ 17 ಮತ್ತು 19, ದಾರಿ ಹೆಚ್ಚೂಕಮ್ಮಿ ಇದೇ. ಕೆಐಎಡಿಬಿ, ಅಂದ್ರೆ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ ಆದ್ರೆ 1966ರ ಕಾಯ್ದೆಯ 28(1)ರ ಪ್ರಾಥಮಿಕ ಅಧಿಸೂಚನೆ, 28(2)ರ ನೋಟಿಸ್, 28(4)ರ ಅಂತಿಮ ಅಧಿಸೂಚನೆ. 2013ರ ಭೂಸ್ವಾಧೀನ ಕಾಯ್ದೆ ಆದ್ರೆ ಸೆಕ್ಷನ್ 11ರ ಅಧಿಸೂಚನೆ ಬಂದ ಮೇಲೆ ಸೆಕ್ಷನ್ 15ರ ಪ್ರಕಾರ 60 ದಿನ. ಸ್ವಾಧೀನ ಇಲ್ಲದೇ ಬರೀ ಮಾಸ್ಟರ್ ಪ್ಲಾನಿನ ಕರಡು ಆಗಿದ್ರೆ 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ, ಅಲ್ಲೂ 60 ದಿನ. ಪ್ರೈವೇಟ್ ಬಿಲ್ಡರು ಹಸಿರು ವಲಯದ ಜಮೀನನ್ನ ವಸತಿಗೆ ಬದಲಾಯಿಸೋಕೆ ಹೊರಟಿದ್ರೆ ಅದೇ ಕಾಯ್ದೆಯ 14ಎ, ಪೇಪರಲ್ಲಿ ಒಂದು ಸಣ್ಣ ಜಾಹೀರಾತು ಬರತ್ತೆ, ಬರೀ 15 ದಿನ ಟೈಮು. ನನ್ನ ಪ್ರಕಾರ ಜನ ಅತಿ ಹೆಚ್ಚು ಕಳ್ಕೊಳ್ಳೋದು ಇಲ್ಲೇ, ಯಾಕಂದ್ರೆ ಒಳಗಿನ ಪುಟದ ಆ ಚಿಕ್ಕ ಅಕ್ಷರದ ಪ್ರಕಟಣೆ ಯಾರೂ ಓದಲ್ಲ. ಊರಲ್ಲಿ ದಿನಾ ಪೇಪರ್ ಓದೋ ಒಬ್ಬರಿಗೆ, ರಿಟೈರ್ಡ್ ಮೇಷ್ಟ್ರು ಇದ್ರೆ ಅವರಿಗೇ, ಇದೊಂದು ಜವಾಬ್ದಾರಿ ವಹಿಸಿಬಿಡಿ.

ನೋಟಿಸ್ ಕೈಗೆ ಬಂದ ದಿನಾಂಕ ಅದರ ಮೇಲೇ ಬರೆದಿಡಿ. ಕವರನ್ನೂ ಬಿಸಾಕ್ಬೇಡಿ, ಅಂಚೆ ಮುದ್ರೆ ನಾಳೆ ಬೇಕಾಗತ್ತೆ.

ಎರಡನೇದು: ನಕ್ಷೆ ತಂದು ನೆಲದ ಮೇಲೆ ನಡೀರಿ

ರಸ್ತೆ ಎಲ್ಲೆಲ್ಲಿ ಹಾದುಹೋಗತ್ತೆ ಅಂತ ತೋರಿಸೋ ಅಲೈನ್‌ಮೆಂಟ್ ನಕ್ಷೆ, ಸರ್ವೆ ನಂಬರ್ ಪಟ್ಟಿ ಎರಡೂ ಬೇಕು, ಒಂದಿದ್ರೆ ಸಾಲದು. ಪಟ್ಟಿಯಲ್ಲಿ ನಿಮ್ಮ ನಂಬರ್ ಇರತ್ತೆ ಆದ್ರೆ ನಿಮ್ಮ ಹಿಸ್ಸಾ ಇರಲ್ಲ, ಇಲ್ಲಾ ಎರಡು ಎಕರೇಲಿ 12 ಗುಂಟೆ ಮಾತ್ರ ಹೋಗತ್ತೆ ಆದ್ರೆ ಉಳಿದಿದ್ದಕ್ಕೆ ದಾರಿನೇ ಇರಲ್ಲ. ಹೀಗಾಗೋದು ತುಂಬಾ.

ಫೋನಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಂಡ್ರೆ ನೀವು ನಿಂತಿರೋ ಜಾಗದ ಸರ್ವೆ ನಂಬರ್ ತೋರಿಸತ್ತೆ. ಭೂಮಿ ವೆಬ್‌ಸೈಟಿಂದ ಪಹಣಿ ಮ್ಯುಟೇಶನ್ ತೆಗೀರಿ, ಭೂದಾಖಲೆ ಇಲಾಖೆಯಿಂದ ಗ್ರಾಮ ನಕಾಶೆ ತಗೊಳ್ಳಿ. ಆಮೇಲೆ ಊರಿನ ಹಿರಿಯರು ಇಬ್ಬರನ್ನ ಕರ್ಕೊಂಡು ಉದ್ದೇಶಿತ ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಬನ್ನಿ. ಫೋಟೋ ತೆಗೀರಿ, ಲೊಕೇಶನ್ ಆನ್ ಇರ್ಲಿ. ರಾಜಕಾಲುವೆ ಎಲ್ಲಿ ಅಡ್ಡ ಬರತ್ತೆ, ಕೆರೆ ಕೋಡಿ ನೀರು ಯಾವ ಕಡೆ ಹರಿಯತ್ತೆ, ಸ್ಮಶಾನ, ಗೋಮಾಳ, ದೇವಸ್ಥಾನ, ನಕಾಶೆ ದಾರಿ, ಬಂಡಿದಾರಿ, ಇವೆಲ್ಲ ಗುರುತು ಮಾಡ್ಕೊಳ್ಳಿ. ಪಹಣಿಯಲ್ಲಿ ಖರಾಬು ಅಂತ ಇದ್ರೆ ಎ ಖರಾಬಾ ಬಿ ಖರಾಬಾ ಅಂತ ಕೇಳಿ, ಬಿ ಖರಾಬು ಅಂದ್ರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ, ಅದನ್ನ ಬಡಾವಣೆ ನಕ್ಷೆಯಲ್ಲಿ ಸದ್ದಿಲ್ಲದೇ ಒಳಗೆ ಸೇರಿಸಿದಾರಾ ಅಂತ ಕಣ್ಣಿಟ್ಟು ನೋಡಿ.

ಎಷ್ಟು ಜಮೀನು ಹೋಗತ್ತೆ ಅಂತ ಲೆಕ್ಕ ಹಾಕೋದು ಸುಲಭ. 100 ಮೀಟರ್ ಅಗಲದ ರಸ್ತೆ ಅಂದ್ರೆ ಪ್ರತಿ ಕಿಲೋಮೀಟರಿಗೆ 10 ಹೆಕ್ಟೇರ್, ಸುಮಾರು 25 ಎಕರೆ. 30 ಮೀಟರ್ ಆದ್ರೆ ಏಳೂವರೆ ಎಕರೆ ಹತ್ರ ಬರತ್ತೆ. ಅಧಿಸೂಚನೆಯಲ್ಲಿರೋ ಒಟ್ಟು ವಿಸ್ತೀರ್ಣ ಇದಕ್ಕಿಂತ ತುಂಬಾ ಜಾಸ್ತಿ ಇದ್ರೆ ಉಳಿದಿದ್ದು ಯಾವುದಕ್ಕೆ ಅಂತ ಕೇಳೋ ಹಕ್ಕು ನಿಮಗಿದೆ.

ಬಫರ್, ಅಂದ್ರೆ ಕೆರೆ ಕಾಲುವೆ ಪಕ್ಕ ಕಟ್ಟದೇ ಬಿಡ್ಬೇಕಾದ ಜಾಗದ ವಿಷಯದಲ್ಲಿ ಒಂದು ಎಚ್ಚರಿಕೆ. ಕೆರೆಯಿಂದ 75 ಮೀಟರ್ ಬಿಡ್ಬೇಕು ಅಂತ ಈಗಲೂ ಬಹಳ ಜನ ಬರೀತಾರೆ, ಅದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದು, 2019ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಹಳೇ ಅಂಕಿ ಹಾಕಿ ಆಕ್ಷೇಪಣೆ ಕೊಟ್ರೆ ನಿಮ್ಮ ಪೂರ್ತಿ ಅರ್ಜಿನೇ ಹಗುರ ಆಗತ್ತೆ. ಈಗ ಜಾರಿಯಲ್ಲಿರೋ ಝೋನಿಂಗ್ ನಿಯಮದ (ಎಲ್ಲಿ ಏನು ಕಟ್ಬಹುದು ಅನ್ನೋ ನಿಯಮ) ಪ್ರತಿ ಪ್ರಾಧಿಕಾರದಿಂದಲೇ ತಗೊಂಡು ಅದನ್ನೇ ಉಲ್ಲೇಖಿಸಿ.

ಮೂರನೇದು: ಆರ್‌ಟಿಐ

ಮಾಹಿತಿ ಹಕ್ಕು ಕಾಯ್ದೆ ಕೆಳಗಿನ ಅರ್ಜಿ ಇದು. ಫೀಸು 10 ರೂಪಾಯಿ, ಉತ್ತರಕ್ಕೆ 30 ದಿನ, ಬರಲಿಲ್ಲ ಅಂದ್ರೆ ಮೇಲ್ಮನವಿಗೆ ಇನ್ನೊಂದು 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತ ಇರ್ಬೇಕು, 150 ಪದ ದಾಟಬಾರದು ಅಂತ ನಿಯಮ ಇದೆ, ಆದ್ರಿಂದ ಎಲ್ಲಾ ಒಂದರಲ್ಲೇ ತುಂಬಿಸ್ಬೇಡಿ. ರಸ್ತೆಗೊಂದು, ಬಡಾವಣೆಗೊಂದು, ನೀರಿಗೊಂದು. ‘ಯಾಕೆ’ ಅಂತ ಕೇಳ್ಬೇಡಿ, ದಾಖಲೆ ಕೇಳಿ. ಹೀಗೆ ಬರೀಬಹುದು:

‘ನಮ್ಮ ಗ್ರಾಮದ ಮೂಲಕ ಹಾದುಹೋಗುವ ಉದ್ದೇಶಿತ ಸಂಪರ್ಕ ರಸ್ತೆಗೆ ಸಂಬಂಧಿಸಿದಂತೆ, ಸರ್ವೆ ನಂಬರ್ ಸಹಿತ ಅಲೈನ್‌ಮೆಂಟ್ ನಕ್ಷೆ, ವಿಸ್ತೃತ ಯೋಜನಾ ವರದಿ, ವಾಹನ ಸಂಚಾರ ಅಧ್ಯಯನ ವರದಿ, ಪರಿಶೀಲಿಸಲಾದ ಪರ್ಯಾಯ ಮಾರ್ಗಗಳ ನಕ್ಷೆ ಹಾಗೂ ಸದರಿ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕು. ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನಾಂಕ ನಿಗದಿಪಡಿಸಬೇಕು.’

ಕೊನೇ ಸಾಲು ಬಿಡ್ಲೇಬೇಡಿ. ಫೈಲು ಕಣ್ಣಾರೆ ನೋಡಿದ್ರೆ ಪರ್ಯಾಯ ಮಾರ್ಗ ಯಾವುದಿತ್ತು, ಅದನ್ನ ಯಾವ ಹಂತದಲ್ಲಿ ಕೈಬಿಟ್ರು, ಯಾರು ಏನು ಬರೆದಿದಾರೆ ಎಲ್ಲಾ ಗೊತ್ತಾಗತ್ತೆ. ಇನ್ನೊಂದು ಮಾತು, ಆರ್‌ಟಿಐ ಉತ್ತರ ಬರ್ಲಿ ಅಂತ ಕಾಯ್ತಾ ಆಕ್ಷೇಪಣೆ ದಿನಾಂಕ ಕಳ್ಕೊಬೇಡಿ, ಇರೋ ಮಾಹಿತಿಲೇ ಆಕ್ಷೇಪಣೆ ಹಾಕಿ, ಹೆಚ್ಚುವರಿ ಆಕ್ಷೇಪಣೆ ಆಮೇಲೆ ಕೊಡ್ತೀವಿ ಅಂತ ಅದರಲ್ಲೇ ಬರೀರಿ.

ನಾಲ್ಕನೇದು: ರಸ್ತೆ ಮತ್ತು ಮನೆಗಳನ್ನ ಒಟ್ಟಿಗೆ ಲೆಕ್ಕ ಹಾಕಿ

ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ರಸ್ತೆ ಫೈಲಲ್ಲಿ ‘ಈಗಿರೋ ಟ್ರಾಫಿಕ್ ಕಡಿಮೆ ಮಾಡೋಕೆ’ ಅಂತ ಇರತ್ತೆ, ಬಡಾವಣೆ ಫೈಲಲ್ಲಿ ‘ಹೊಸ ರಸ್ತೆ ಬರುತ್ತೆ ಆದ್ದರಿಂದ ಸಂಪರ್ಕ ಚೆನ್ನಾಗಿದೆ’ ಅಂತ ಇರತ್ತೆ. ಹೊಸ ಮನೆಗಳ ವಾಹನಗಳೇ ಆ ಹೊಸ ರಸ್ತೆ ತುಂಬಿಸಿದ್ರೆ ಹಳೇ ಟ್ರಾಫಿಕ್ ಎಲ್ಲಿ ಕಡಿಮೆ ಆಗತ್ತೆ? ಸಂಚಾರ ಅಧ್ಯಯನದಲ್ಲಿ ಬಡಾವಣೆ ಪೂರ್ತಿ ತುಂಬಿದ ಮೇಲಿನ ಲೆಕ್ಕ ಇದ್ಯಾ ಅಂತ ನೇರವಾಗಿ ಕೇಳಿ.

ನೀರಿನ ಲೆಕ್ಕ ನೀವೇ ಹಾಕ್ಬಹುದು. ನಗರದ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡೀತಾರೆ, ಮನೆಗೆ ಐದು ಜನ ಅಂದ್ರೆ 1,000 ಮನೆಗೆ ದಿನಕ್ಕೆ 6,75,000 ಲೀಟರ್. 6,000 ಲೀಟರಿನ ಟ್ಯಾಂಕರಲ್ಲಿ ತರೋದಾದ್ರೆ ದಿನಕ್ಕೆ 112ಕ್ಕೂ ಹೆಚ್ಚು ಟ್ರಿಪ್, ಅದೂ ನಿಮ್ಮೂರ ರಸ್ತೆಲೇ, ನಿಮ್ಮೂರ ಬೋರ್‌ವೆಲ್ಲಿಂದಲೇ. ಕಾವೇರಿ ಐದನೇ ಹಂತ 2024ರ ಅಕ್ಟೋಬರಲ್ಲಿ ಶುರುವಾಯ್ತು, 775 ಎಂಎಲ್‌ಡಿ (ದಿನಕ್ಕೆ 775 ದಶಲಕ್ಷ ಲೀಟರ್), ಅದು ಉದ್ದೇಶಿಸಿದ್ದು ಬೆಂಗಳೂರಿಗೆ ಆಗಲೇ ಸೇರಿದ್ದ 110 ಹಳ್ಳಿಗಳಿಗೆ. ಹೊಸ ಬಡಾವಣೆ ಆ 110ರ ಆಚೆ ಇದ್ರೆ ನೀರು ಎಲ್ಲಿಂದ, ಯಾವ ವರ್ಷ, ಜಲಮಂಡಳಿ ಬರವಣಿಗೇಲಿ ಏನು ಹೇಳಿದೆ? ಬಳಸಿದ ನೀರಲ್ಲಿ ಸುಮಾರು 80 ಪರ್ಸೆಂಟ್ ಕೊಳಚೆ ಆಗಿ ಹೊರಗೆ ಬರತ್ತೆ, ಅಂದ್ರೆ ಆ ಸಾವಿರ ಮನೆಯಿಂದ ದಿನಕ್ಕೆ ಐದು ಲಕ್ಷ ಲೀಟರಿಗೂ ಹೆಚ್ಚು. ಎಸ್‌ಟಿಪಿ, ಅಂದ್ರೆ ಕೊಳಚೆ ಶುದ್ಧೀಕರಣ ಘಟಕ ಮೊದಲು ಕಟ್ತಾರಾ ಮನೆ ಮೊದಲು ಕಟ್ತಾರಾ? ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ನದಿ ಹರಿದು ಬೈರಮಂಗಲ ಕೆರೆ ಏನಾಯ್ತು ಅಂತ ಬಿಡದಿ ಕಡೆಯವರನ್ನ ಕೇಳಿದ್ರೆ ಈ ಪ್ರಶ್ನೆ ಯಾಕೆ ಅಂತ ಅರ್ಥ ಆಗತ್ತೆ. ಅದೇ ಬೈರಮಂಗಲ, ಕಂಚುಗಾರನಹಳ್ಳಿ ಸುತ್ತ ಟೌನ್‌ಶಿಪ್ಪಿಗೆ ಅಂತ 2025ರಲ್ಲಿ ಅಧಿಸೂಚನೆ ಬಂದು ರೈತರು ಧರಣಿ ಕೂತ್ರು.

ಬೇಡಿಕೆ ಹೀಗೆ ಇಡಿ: ರಸ್ತೆ, ನೀರು, ಕೊಳಚೆ ವ್ಯವಸ್ಥೆ ಮುಗಿಯೋ ತನಕ ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ (ಓಸಿ) ಕೊಡಬಾರದು, ಇದನ್ನ ಮಂಜೂರಾತಿಯ ಷರತ್ತಾಗಿ ಹಾಕ್ಬೇಕು. ಇದು ರೈತರಿಗೂ ಸೈಟು ತಗೊಳ್ಳೋರಿಗೂ ಇಬ್ಬರಿಗೂ ಒಳ್ಳೇದು, ಇಂಥ ಬೇಡಿಕೆಗೆ ಎರಡೂ ಕಡೆಯವರ ಸಹಿ ಬೀಳತ್ತೆ.

ಐದನೇದು: ಪರಿಸರ ಅನುಮತಿ

2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಪ್ರಕಾರ 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. 1,50,000 ಚದರ ಮೀಟರ್ ಇಲ್ಲಾ 50 ಹೆಕ್ಟೇರ್ ದಾಟಿದ್ರೆ ಟೌನ್‌ಶಿಪ್ ಲೆಕ್ಕಕ್ಕೆ ಬರತ್ತೆ. ಆದ್ರೆ ಇಂಥ ವಸತಿ ಯೋಜನೆಗಳಿಗೆ ಸಾರ್ವಜನಿಕ ವಿಚಾರಣೆ ಕಡ್ಡಾಯ ಇಲ್ಲ. ಅಂದ್ರೆ ಯಾರೂ ನಿಮ್ಮನ್ನ ಕರೆದು ಕೇಳಲ್ಲ, ನೀವೇ ಪರಿಸರ ಅನುಮತಿ ಅರ್ಜಿಗಳಿರೋ ಪರಿವೇಶ್ ಪೋರ್ಟಲ್ಲಲ್ಲಿ ಪ್ರಾಜೆಕ್ಟ್ ಹುಡುಕಿ, ಅರ್ಜಿ ಓದಿ, ರಾಜ್ಯ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರಕ್ಕೆ ಬರೀಬೇಕು. ಅರ್ಜಿಯಲ್ಲಿ ‘ಹತ್ತಿರದ ಜಲಮೂಲ’ ಅನ್ನೋ ಜಾಗದಲ್ಲಿ ಏನು ಬರೆದಿದಾರೆ, ಎಷ್ಟು ಮರ ಅಂತ ಇದೆ, ಒಂದೇ ಪ್ರಾಜೆಕ್ಟನ್ನ ತುಂಡು ಮಾಡಿ ಚಿಕ್ಕದಾಗಿ ತೋರಿಸಿದಾರಾ ಅಂತ ನೋಡಿ, ನಿಮ್ಮ ಫೋಟೋಗಳ ಜೊತೆ ತಾಳೆ ಹಾಕಿ.

ಇದರಿಂದ ಏನೂ ಆಗಲ್ಲ ಅನ್ನೋರಿಗೆ ಬೆಂಗಳೂರು ಸುತ್ತ ಬಿಡಿಎ ಮಾಡಬೇಕು ಅಂತಿದ್ದ ಪೆರಿಫೆರಲ್ ರಿಂಗ್ ರೋಡ್ ಕೇಸು ಹೇಳ್ಬೇಕು. 2020ರ ಮಾರ್ಚಲ್ಲಿ ಸುಪ್ರೀಂ ಕೋರ್ಟು ಆ ರಸ್ತೆಯ ಪರಿಸರ ವರದಿಯಲ್ಲಿ ಹಳೇ ಅಂಕಿಅಂಶ ಬಳಸಿದ್ದು, ಮರಗಳ ಸಂಖ್ಯೆ ಒಂದಕ್ಕೊಂದು ಹೊಂದದೇ ಇರೋದು, ದಾರಿಯಲ್ಲಿರೋ ಪೆಟ್ರೋಲಿಯಂ ಪೈಪ್‌ಲೈನ್ ವಿಚಾರ ಸರಿಯಾಗಿ ಹೇಳದೇ ಇರೋದು, ಇವನ್ನೆಲ್ಲ ಎತ್ತಿ ಹೇಳಿ ಹೊಸದಾಗಿ ಅಧ್ಯಯನ ಮಾಡಿ ಅಂತ ಬಿಡಿಎಗೆ ಆದೇಶ ಮಾಡ್ತು. ಮರ ಎಣಿಸೋದು, ಪೈಪ್‌ಲೈನಿನ ಗುರುತಿನ ಕಲ್ಲು ಫೋಟೋ ತೆಗೆಯೋದು, ಇದು ಊರಿನ ಯಾರಾದ್ರೂ ಮಾಡ್ಬಹುದಾದ ಕೆಲಸ. ಅನುಮತಿ ಸಿಕ್ಕಿಬಿಟ್ಟಿದ್ರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕೋಕೆ 30 ದಿನ ಇದೆ, ಸರಿಯಾದ ಕಾರಣ ಕೊಟ್ರೆ ಮತ್ತೆ 60 ದಿನದವರೆಗೆ ಒಪ್ಕೋಬಹುದು, ಅದರಾಚೆ ಇಲ್ಲ. ನಮ್ಮ ರಾಜ್ಯಕ್ಕೆ ಚೆನ್ನೈ ಪೀಠ.

ಆರನೇದು: ಆಕ್ಷೇಪಣೆ ಬರೆಯೋದು

ಐನೂರು ಜನರ ಸಹಿ ಇರೋ ಒಂದು ಮನವಿಗಿಂತ ಐವತ್ತು ಮನೆಯವರು ತಂತಮ್ಮ ಸರ್ವೆ ನಂಬರ್ ಹಾಕಿ ಬೇರೆಬೇರೆಯಾಗಿ ಕೊಟ್ಟ ಆಕ್ಷೇಪಣೆಗೆ ತೂಕ ಜಾಸ್ತಿ, ಯಾಕಂದ್ರೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಪರಿಗಣಿಸಬೇಕಾಗತ್ತೆ. ಕನ್ನಡದಲ್ಲೇ ಬರೀರಿ. ‘ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ’ ಅನ್ನೋದು ನಿಜವೇ, ಆದ್ರೆ ಅದಕ್ಕೆ ಅಧಿಕಾರಿ ಉತ್ತರ ಬರೀಬೇಕಾಗಿಲ್ಲ. ಉತ್ತರ ಕೊಡ್ಲೇಬೇಕಾದಂಥ ಮಾತು ಹೀಗಿರತ್ತೆ:

‘ಮಾನ್ಯರೇ, ಸದರಿ ಜಮೀನಿನಲ್ಲಿ ಕುಟುಂಬದ ವಾಸದ ಮನೆ, ಒಂದು ಕೊಳವೆಬಾವಿ ಮತ್ತು ಫಸಲಿಗೆ ಬಂದ ತೆಂಗಿನ ಮರಗಳಿವೆ. ಉದ್ದೇಶಿತ ರಸ್ತೆಯು ಗ್ರಾಮ ನಕಾಶೆಯಲ್ಲಿರುವ ಹಳ್ಳವನ್ನು ಇದೇ ಜಾಗದಲ್ಲಿ ದಾಟುತ್ತದೆ. ರಸ್ತೆಯನ್ನು ಉತ್ತರಕ್ಕಿರುವ ಸರ್ಕಾರಿ ಖರಾಬು ಜಾಗದ ಅಂಚಿಗೆ ಸರಿಸಿದಲ್ಲಿ ಮನೆ ಮತ್ತು ಹಳ್ಳ ಎರಡೂ ಉಳಿಯುತ್ತವೆ. ನಕ್ಷೆ ಮತ್ತು ಫೋಟೋ ಲಗತ್ತಿಸಿದೆ. ಖುದ್ದು ವಿಚಾರಣೆಗೆ ಅವಕಾಶ ನೀಡಬೇಕು.’

ಇದರಲ್ಲಿ ಜಾಗ ಇದೆ, ಸಾಕ್ಷಿ ಇದೆ, ಬದಲಿ ದಾರಿ ಇದೆ. ಅಂಡರ್‌ಪಾಸ್ ಬೇಕು, ಸರ್ವಿಸ್ ರೋಡ್ ಬೇಕು, ದನ ಕರು ದಾಟೋಕೆ ದಾರಿ ಬೇಕು, ಇವನ್ನೂ ಈಗಲೇ ಬರೀರಿ. ಆಮೇಲೆ ಕಾಂಟ್ರಾಕ್ಟರ್ ಹತ್ರ ಕೇಳಿದ್ರೆ ಡ್ರಾಯಿಂಗಲ್ಲಿ ಇಲ್ಲ ಅಂತಾರೆ. ಕೊಟ್ಟ ಪ್ರತಿಗೆ ಸೀಲು ದಿನಾಂಕ ಹಾಕಿಸ್ಕೊಳ್ಳಿ, ಹಾಕಲ್ಲ ಅಂದ್ರೆ ಅವತ್ತೇ ರಿಜಿಸ್ಟರ್ ಪೋಸ್ಟ್ ಮಾಡಿ.

ಏಳನೇದು: ಸಭೆ

ಗ್ರಾಮಸಭೆ ಕರೆಸಿ ನಿರ್ಣಯ ಮಾಡಿಸಿ, ನಡಾವಳಿ ಪುಸ್ತಕದ ನಕಲು ತಗೊಳ್ಳಿ. ಸಭೇಲಿ ಜಮೀನಿದ್ದೋರು ಮಾತ್ರ ಮಾತಾಡೋದಲ್ಲ. ಗುತ್ತಿಗೆಗೆ ಉಳೋರು, ಕೂಲಿಗೆ ಹೋಗೋ ಹೆಣ್ಮಕ್ಕಳು, ಕುರಿ ದನ ಮೇಯಿಸೋರು, ಇವರಿಗೆ ಪಹಣಿ ಇಲ್ಲ, ಪರಿಹಾರದ ಪಟ್ಟೀಲಿ ಹೆಸರೂ ಇರಲ್ಲ, ಆದ್ರೆ ಮೊದಲು ಕೆಲಸ ಹೋಗೋದು ಇವರದ್ದೇ. ರಸ್ತೆ ಬೇಕು ಅನ್ನೋರನ್ನ ದ್ರೋಹಿ ಅಂತ ಕೂಗಿ ಕೂರಿಸ್ಬೇಡಿ, ಅವರ ಕಾರಣನೂ ನಡಾವಳಿಗೆ ಬರೆಸಿ. ಅಧಿಸೂಚನೆ ಬರೋ ಮೊದಲೇ ಬ್ರೋಕರುಗಳು ಅಡ್ವಾನ್ಸ್ ಹಿಡ್ಕೊಂಡು ಓಡಾಡ್ತಿದ್ರೆ, ಓದದೇ ಜಿಪಿಎಗಾಗ್ಲಿ (ನಿಮ್ಮ ಪರವಾಗಿ ವ್ಯವಹಾರ ಮಾಡೋ ಅಧಿಕಾರ ಪತ್ರ) ಖಾಲಿ ಸ್ಟಾಂಪ್ ಪೇಪರಿಗಾಗ್ಲಿ ಯಾರೂ ಸಹಿ ಹಾಕ್ಬಾರದು ಅಂತ ಅವತ್ತೇ ಎಲ್ಲರಿಗೂ ಹೇಳಿ.

ಎಂಟನೇದು: ದಾಖಲೆ ಮತ್ತು ಪರಿಹಾರ

ಯೋಜನೆ ಬೇಕೋ ಬೇಡ್ವೋ, ಪೌತಿ ಖಾತೆ, ಅಂದ್ರೆ ತೀರಿಹೋದವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಇವತ್ತೇ ಮಾಡಿಸಿ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದ್ರೆ, ಅಣ್ಣತಮ್ಮಂದಿರ ಭಾಗ ಪೋಡಿ ಆಗದೇ (ಅಳತೆ ಮಾಡಿ ಬೇರೆಬೇರೆ ಆಗದೇ) ಇದ್ರೆ, ನೋಟಿಸು ಸತ್ತವರ ಹೆಸರಿಗೆ ಬರತ್ತೆ, ದುಡ್ಡು ಕೋರ್ಟಲ್ಲಿ ಠೇವಣಿ ಆಗತ್ತೆ, ಅದನ್ನ ಬಿಡಿಸ್ಕೊಳ್ಳೋಕೆ ಅಕ್ಕತಂಗಿ ಅಣ್ಣತಮ್ಮ ಎಲ್ಲಾ ಪರಸ್ಪರ ಕೇಸು ಹಾಕೋ ಹಾಗಾಗತ್ತೆ. ಹೆಣ್ಮಕ್ಕಳ ಪಾಲನ್ನೂ ಸೇರಿಸಿ ಕೂತು ಮಾತಾಡಿ ಮುಗಿಸ್ಕೊಳ್ಳಿ.

ಜಂಟಿ ಅಳತೆಗೆ ಬಂದಾಗ ಮನೆಯವರು ಯಾರಾದ್ರೂ ಇರ್ಲೇಬೇಕು. ಮರ, ಬೋರ್‌ವೆಲ್, ಶೆಡ್ಡು, ಪೈಪು ಒಂದೊಂದೂ ಪಟ್ಟಿಗೆ ಸೇರಿದ ಮೇಲೆ ಸಹಿ ಹಾಕಿ.

ದರದ ಬಗ್ಗೆ ಮೊದಲೇ ತಿಳ್ಕೊಳ್ಳಿ, ಬಿಡಿಎ ಸ್ವಾಧೀನಕ್ಕೆ 2013ರ ಕಾಯ್ದೆ ಅನ್ವಯಿಸಲ್ಲ, ಹಳೇ 1894ರ ಭೂಸ್ವಾಧೀನ ಕಾಯ್ದೆ ಪ್ರಕಾರವೇ ಪರಿಹಾರ ಅಂತ 2022ರ ಜನವರೀಲಿ ಸುಪ್ರೀಂ ಕೋರ್ಟು ಹೇಳಿದೆ. ಪೆರಿಫೆರಲ್ ರಿಂಗ್ ರೋಡಿನ ರೈತರು ಇಷ್ಟು ವರ್ಷ ಬಡಿದಾಡ್ತಿರೋದು ಇದಕ್ಕೇ, ಅದರ ಮೊದಲ ಅಧಿಸೂಚನೆ 2005ರದ್ದು. ದುಡ್ಡಿನ ಬದಲು 40 ಪರ್ಸೆಂಟ್ ಅಭಿವೃದ್ಧಿ ಮಾಡಿದ ಜಾಗ ಕೊಡ್ತೀವಿ ಅಂದ್ರೆ ಅದು ಎಕರೆಯ 40 ಪರ್ಸೆಂಟ್ ಅಲ್ಲ. ಎಕರೆ ಅಂದ್ರೆ 43,560 ಚದರಡಿ, ರಸ್ತೆ ಪಾರ್ಕು ಎಲ್ಲಾ ಬಿಟ್ಟು ಸೈಟಿಗೆ ಉಳಿಯೋದು 55 ಪರ್ಸೆಂಟ್ ಅಂತ ಹಿಡಿದು ಅದರಲ್ಲಿ 40, ಅಂದ್ರೆ 9,583 ಚದರಡಿ. ಕೆಂಪೇಗೌಡ ಬಡಾವಣೇಲಿ ಲೆಕ್ಕ ಹೀಗೇ ಬಂದಿದ್ದು. ಸೈಟು ಎಲ್ಲಿ, ಯಾವಾಗ, ರಸ್ತೆ ಇರತ್ತಾ ಅಂತ ಬರವಣಿಗೇಲಿ ಕೇಳಿ.

ಐತೀರ್ಪಿನಲ್ಲಿ, ಅಂದ್ರೆ ಅಧಿಕಾರಿಯ ಪರಿಹಾರದ ಆದೇಶದಲ್ಲಿ, ಇರೋ ಮೊತ್ತ ಕಮ್ಮಿ ಅನ್ಸಿದ್ರೆ ದುಡ್ಡು ತಗೊಳ್ಳುವಾಗಲೇ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದೆ’ ಅಂತ ಬರೆದು ಸಹಿ ಹಾಕಿ, ಹೆಚ್ಚುವರಿ ಪರಿಹಾರಕ್ಕೆ ಕೋರ್ಟಿಗೆ ಕಳಿಸಿ ಅಂತ ಆರು ವಾರದ ಒಳಗೆ ಅರ್ಜಿ ಕೊಡಿ. ಆ ಒಂದು ಸಾಲು ಬರೀದೇ ಇದ್ರೆ ಆಮೇಲೆ ಕೇಳೋದು ಕಷ್ಟ.

ಕೊನೇದು: ಯೋಜನೆ ಬಿದ್ದೋಯ್ತಂತೆ ಅಂದಾಗ

ಹೀಗೆ ಅಂತ ಕೇಳಿದ್ರೆ ನಂಬ್ಬೇಡಿ. ಬಿಡಿಎ ಕಾಯ್ದೆ ಸೆಕ್ಷನ್ 27ರಲ್ಲಿ ಐದು ವರ್ಷದಲ್ಲಿ ಗಣನೀಯವಾಗಿ ಜಾರಿ ಆಗದ ಯೋಜನೆ ಬಿದ್ದುಹೋಗತ್ತೆ ಅಂತ ಇದೆ, ಹಾಗಂತ ತಾನಾಗೇ ಬಿದ್ದಿದೆ ಅಂದ್ಕೊಂಡು ಮನೆ ಕಟ್ಬೇಡಿ. ಶಿವರಾಮ ಕಾರಂತ ಬಡಾವಣೆ 17 ಹಳ್ಳಿಯ 3,546 ಎಕರೆ, 2008ರ ಅಧಿಸೂಚನೆ, ಕೈಬಿಟ್ಟಂಗೇ ಅಂತ ಜನ ಅಂದ್ಕೊಂಡು ಮನೆ ಕಟ್ಕೊಂಡ್ರು, 2018ರ ಆಗಸ್ಟಲ್ಲಿ ಸುಪ್ರೀಂ ಕೋರ್ಟು ಯೋಜನೆ ಮುಂದುವರಿಸಿ ಅಂತು. ಆಮೇಲೆ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಸಮಿತಿ ಮುಂದೆ ದಾಖಲೆ ಹಿಡ್ಕೊಂಡು ನಿಲ್ಬೇಕಾಯ್ತು. ಮನೆ ಯಾವತ್ತು ಕಟ್ಟಿದ್ದು ಅಂತ ತೋರಿಸೋಕೆ ಕರೆಂಟ್ ಬಿಲ್ಲು, ಕಂದಾಯ ರಸೀದಿ ಇದ್ದೋರಿಗೆ ಅನುಕೂಲ ಆಯ್ತು. ಅದಕ್ಕೇ ಜಮೀನು ಕೈಬಿಟ್ಟಿದೆ ಅನ್ನೋ, ನಿಮ್ಮ ಸರ್ವೆ ನಂಬರ್ ಇರೋ ಗೆಜೆಟ್ ಪ್ರತಿ ನಿಮ್ಮ ಕೈಗೆ ಬರೋ ತನಕ, ಈ ಕಾಗದಗಳನ್ನೆಲ್ಲ ಒಂದೇ ಫೈಲಲ್ಲಿ ಹಾಕಿ ಇಡಿ, ಎಲ್ಲದರ ಫೋಟೋ ಮನೆಯ ಇನ್ನೊಬ್ಬರ ಫೋನಲ್ಲೂ ಇರ್ಲಿ. ಅಂತಿಮ ಅಧಿಸೂಚನೆ ಬಂದ್ರೆ ರಿಟ್ ಹಾಕೋಕೆ ತಡ ಮಾಡ್ದೇ ಭೂಸ್ವಾಧೀನ ಕೇಸು ನೋಡೋ ಹೈಕೋರ್ಟ್ ವಕೀಲರ ಹತ್ರ ಹೋಗಿ, ಅವರು ಮೊದಲು ಕೇಳೋದು ಸೀಲು ಹಾಕಿಸಿದ ನಿಮ್ಮ ಆಕ್ಷೇಪಣೆ ಪ್ರತಿನೇ.